ಲೆಕ್ಕಕ್ಕೆ ಸೇರದ ಮೂರು ಗಿಡ

ಮಾರ್ಚ್ 3, ಸೋಮವಾರ

ಬಂದು ಮುಟ್ಟಿದೆ. ಎರಡು ಬಸ್ಸು, ಒಂದು ಜೀಪು, ಕೊನೆಗೆ ದೋಣಿ. ಮಂಡಿ ಎರಡೂ ಮುಷ್ಕರ ಹೂಡಿವೆ, ಆದರೂ ತಲೆ ಚುರುಕಾಗಿದೆ. ಸಿಟ್ಟಿಗೆ ಒಂದು ಒಳ್ಳೆಯ ಗುಣವಿದೆ, ಆಯಾಸ ಗೊತ್ತಾಗಲು ಬಿಡುವುದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಸಂಶೋಧನಾ ಕೇಂದ್ರದಲ್ಲಿ ನಾಲ್ಕು ತಿಂಗಳಿದ್ದೆ. ಕೇಂದ್ರ ಎನ್ನುವುದು ದೊಡ್ಡ ಮಾತಾಯಿತು. ಎರಡು ಕೋಣೆ, ಒಂದು ಜಗಲಿ, ಹಿನ್ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಎದುರಿಗೆ ಉಪ್ಪುನೀರಿನಲ್ಲಿ ಕಾಲೂರಿ ನಿಂತ ಕಾಂಡ್ಲಾ ಮರಗಳು. ಕೊಂಬೆಕೊಂಬೆಗೂ ಬೂದು ಬಣ್ಣದ, ಮುಳ್ಳುಮುಳ್ಳಾದ ಗಡ್ಡೆಗಳು ಅಂಟಿಕೊಂಡಿವೆ. ನನ್ನ ಇರುವೆ ಗಿಡಗಳು. ದೋಣಿಯಲ್ಲಿ ಕೂತೇ ಹದಿನಾರು ಎಣಿಸಿದೆ.

ಎಂಟು ವಾರ, ನಲವತ್ತು ಗಿಡ. ಆ ಮಹಾತಾಯಿಯ ಬಾಯಿ ಮುಚ್ಚಿಸಲು ಅಷ್ಟು ಸಾಕು. ಇರುವೆಗಳು ಗಿಡವನ್ನು ಕಾಯುತ್ತವೆ ಎಂದು ತೋರಿಸಿದವಳು ನಾನು. ಎಂಟನೆಯ ತರಗತಿಯ ಪಠ್ಯದಲ್ಲಿ ಚಿತ್ರಸಮೇತ ಅಚ್ಚಾಗಿದೆ. 'ಕಾವಲು ಇರುವೆ' ಎಂದು ಹೆಸರಿಟ್ಟವಳೂ ನಾನೇ. ಈಗ ಆಕೆ ಎರಡೂವರೆ ಪುಟದ ಲೇಖನ ಬರೆದು, ಅದೂ ನಾನೇ ಪ್ರೀತಿಯಿಂದ ಕೊಟ್ಟ ನನ್ನ ಹಳೆಯ ಅಂಕಿಅಂಶಗಳನ್ನೇ ಹಿಡಿದುಕೊಂಡು, ಹಾಗೇನೂ ಕಾಣುವುದಿಲ್ಲ ಎನ್ನುತ್ತಿದ್ದಾಳೆ. ಹತ್ತು ವರ್ಷ ನನ್ನ ಕೈಕೆಳಗೆ ಕಲಿತವಳು.

ಅಡುಗೆಗೆ, ದೋಣಿಗೆ, ಬೀಗದಕೈಗೆ ಎಲ್ಲಕ್ಕೂ ಇಲ್ಲಿ ಒಬ್ಬಳೇ ಹೆಂಗಸು. ಆಗಲೂ ಇವಳೇ ಇದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ವಿಪರೀತ ಮಾತು.

ಮಾರ್ಚ್ 5, ಬುಧವಾರ

ಗಿಡಗಳಿಗೆ ತಗಡಿನ ಬಿಲ್ಲೆ ಕಟ್ಟಿ ಮುಗಿಯಿತು. ಇರುವೆ ಇರುವ ಗಿಡ ಇಪ್ಪತ್ತು, ಇಲ್ಲದ್ದು ಇಪ್ಪತ್ತು. ಪರೀಕ್ಷೆ ಹಳೆಯದೇ. ಪೆನ್ಸಿಲಿನ ಹಿಂಬದಿಯಿಂದ ಗಡ್ಡೆಯನ್ನು ಮೂರು ಸಲ ತಟ್ಟುವುದು, ಯಾರದೋ ಮನೆಯ ಬಾಗಿಲು ತಟ್ಟಿದ ಹಾಗೆ. ಒಳಗಿದ್ದರೆ ದಬದಬನೆ ಹೊರಗೆ ಬರುತ್ತವೆ, ಕಂದು ಬಣ್ಣದ ಸಣ್ಣ ಇರುವೆಗಳು. ಬರದಿದ್ದರೆ ಮನೆ ಖಾಲಿ. ಇನ್ನು ವಾರಕ್ಕೊಮ್ಮೆ ಪ್ರತಿ ಗಿಡದ ಐದು ಎಲೆಯ ಮೇಲೆ ಚೌಕುಳಿ ಗೆರೆ ಹಾಕಿದ ಪಾರದರ್ಶಕ ಹಾಳೆ ಇಟ್ಟು, ಹುಳು ತಿಂದ ಭಾಗ ಎಷ್ಟು ಚೌಕ ಎಂದು ಎಣಿಸಬೇಕು.

ಏಣಿ ಹಿಡಿದುಕೊಂಡ ದೋಣಿಯವಳು ಸುಮ್ಮನಿರಲಿಲ್ಲ. ಅದು ಮರದ ರಸ ಹೀರುತ್ತದೆಯೇ ಎಂದು ಕೇಳಿದಳು. ಇಲ್ಲ, ಬರೀ ಮರದ ಮೇಲೆ ಕೂತಿರುತ್ತದೆ, ಮಣ್ಣಿಲ್ಲದೆ ಬದುಕುವ ಗಿಡ ಎಂದೆ. ಬುಡ ಊದಿಕೊಂಡು ಗಡ್ಡೆಯಾಗುತ್ತದೆ, ಗಡ್ಡೆಯೊಳಗೆ ಕೋಣೆಗಳಿರುತ್ತವೆ, ಆ ಕೋಣೆಗಳನ್ನು ಇರುವೆ ಕೊರೆಯುವುದಲ್ಲ, ಗಿಡ ತಾನೇ ಬೆಳೆಸಿಕೊಳ್ಳುತ್ತದೆ, ಇರುವೆ ಬಂದು ಒಕ್ಕಲು ಕೂರುತ್ತದೆ. ಇದಕ್ಕೆ ಪ್ರತಿಯಾಗಿ ಎಲೆ ತಿನ್ನಲು ಬರುವ ಹುಳುಗಳನ್ನು ಓಡಿಸುತ್ತದೆ.

"ಕಾಯ್ತವೆ ಅಂತೀರಿ ಟೀಚರಮ್ಮ, ಎಲೆಯೆಲ್ಲ ತೂತು ಬಿದ್ದಿದೆಯಲ್ಲ" ಎಂದಳು.

ಏಣಿ ಸರಿಯಾಗಿ ಹಿಡಿ ಎಂದೆ. ಅವರವರ ಕೆಲಸ ಅವರವರು ನೋಡಿಕೊಂಡರೆ ಚೆನ್ನ.

ಮಾರ್ಚ್ 9, ಭಾನುವಾರ

ಫೋನು ಸಿಗುವುದು ಮೆಟ್ಟಿಲ ಕೊನೆಯಲ್ಲಿ ಮಾತ್ರ, ಅದೂ ನೀರು ಇಳಿದಾಗ. ಮನೆಗೆ ಮಾಡಿದೆ. ಇವರು ನನ್ನ ಪುಸ್ತಕದ ಮೂರನೆಯ ಮುದ್ರಣದ ಕರಡು ತಿದ್ದುತ್ತಿದ್ದಾರೆ. ನಲವತ್ತು ವರ್ಷ ಮುದ್ರಣಾಲಯದಲ್ಲಿ ಇದೇ ಕೆಲಸ ಮಾಡಿ ನಿವೃತ್ತರಾದವರು; ಹೆಂಡತಿಯ ಪುಸ್ತಕವೆಂದು ಒಂದು ಅಲ್ಪವಿರಾಮವನ್ನೂ ಬಿಟ್ಟುಕೊಡುವುದಿಲ್ಲ. ನಾಲ್ಕನೆಯ ಅಧ್ಯಾಯ, ಅಂದರೆ ಇರುವೆಗಳ ಅಧ್ಯಾಯ, ಏಪ್ರಿಲ್ ಇಪ್ಪತ್ತರೊಳಗೆ ಅಚ್ಚಿಗೆ ಹೋಗಬೇಕಂತೆ. ಆ ಹೊತ್ತಿಗೆ ಹೊಸ ಅಂಕಿಗಳನ್ನೂ ಸೇರಿಸಬಹುದು ಎಂದೆ. ಆಕೆಗೆ ಅಡಿಟಿಪ್ಪಣಿಯಲ್ಲಿ ಜಾಗ ಕೊಟ್ಟರೆ ಸಾಕು.

ಜನವರಿಯ ಸಭೆಯ ವಿಷಯ ಇವರಿಗೆ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಆ ಹುಡುಗಿಗೆ ಹಾಗೆ ಅನ್ನಬಾರದಿತ್ತು ಎಂದು ಮತ್ತೆ ತೆಗೆದರು. ನಾನು ಅಂದದ್ದಾದರೂ ಏನು? ಏಣಿ ಹತ್ತಲು ಹೆದರುವವರು ಮೇಜಿನ ಮುಂದೆ ಕೂತು ಗಿಡ ಎಣಿಸುತ್ತಾರೆ ಎಂದೆ. ತಮಾಷೆ. ಇನ್ನೂರು ಜನ ನಕ್ಕರು. ಬೇರೆಯವರು ಇಷ್ಟು ಸಣ್ಣ ಮಾತಿಗೆ ಸಭೆ ಬಿಟ್ಟು ಎದ್ದು ಹೋಗುತ್ತಿರಲಿಲ್ಲ.

ಮಾರ್ಚ್ 14, ಶುಕ್ರವಾರ

ಮೊದಲ ವಾರದ ಎಣಿಕೆ ಮುಗಿಯಿತು. ಇರುವೆ ಇರುವ ಗಿಡಗಳಲ್ಲಿ ಎಲೆಗೆ ಸರಾಸರಿ ಹದಿಮೂರು ಚೌಕ ನಷ್ಟ, ಖಾಲಿ ಗಿಡಗಳಲ್ಲಿ ಹತ್ತೊಂಬತ್ತು. ಇನ್ನೇನು ಬೇಕು?

ಹದಿನೆಂಟನೆಯ ಗಿಡದ ಮೇಲೆ ಒಂದು ಮಿಡತೆ ಬಂದು ಕೂತಿತು. ಅರ್ಧ ನಿಮಿಷದಲ್ಲಿ ಇರುವೆಗಳು ಮುತ್ತಿಕೊಂಡವು. ಮಿಡತೆ ಒಂದು ಕಾಲು ಬಿಟ್ಟು ಹಾರಿತು. ಏಣಿಯ ಮೇಲೆಯೇ ಚಪ್ಪಾಳೆ ತಟ್ಟಿದೆ. ಕೆಳಗಿನಿಂದ ದೋಣಿಯವಳು ಬಿದ್ದೀರಿ ಎಂದು ಗದರಿದಳು.

ಉತ್ತರ ಲೇಖನದ ಮೊದಲ ವಾಕ್ಯ ಬರೆದಿಟ್ಟಿದ್ದೇನೆ. ಸ್ವಲ್ಪ ಖಾರವಾಗಿದೆ, ಇರಲಿ.

ಮಾರ್ಚ್ 22, ಶನಿವಾರ

ಮೂರು ದಿನ ಜ್ವರ. ದೋಣಿಯಮ್ಮ ಗಂಜಿ ಮಾಡಿಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿ, ಪಕ್ಕದಲ್ಲೇ ಚಾಪೆ ಹಾಸಿ ಮಲಗಿದಳು. ಬೇಡವೆಂದರೂ ಕೇಳಲಿಲ್ಲ.

ಮಧ್ಯಾಹ್ನ ಬಲೆ ಹೊಲಿಯುತ್ತ ಕೂತವಳು ಇದ್ದಕ್ಕಿದ್ದ ಹಾಗೆ ಕೇಳಿದಳು. "ಆಗ ನಿಮ್ಮ ಜೊತೆ ಒಂದು ಹುಡುಗಿ ಬಂದಿತ್ತಲ್ಲ, ಎರಡು ಜಡೆ. ಅದು ಹೇಗಿದೆ?"

ಹದಿನಾಲ್ಕು ವರ್ಷದ ಹಿಂದೆ, ಎರಡನೆಯ ಸಲ ಬಂದಾಗಿನ ಮಾತು. ಆಕೆ ಎಂ.ಎಸ್ಸಿ. ಮುಗಿಸಿ ಹೊಸದಾಗಿ ಸೇರಿದ್ದಳು, ಗಿಡ ತೋರಿಸಲು ಮೂರು ವಾರಕ್ಕೆ ಕರೆತಂದಿದ್ದೆ. ಚೆನ್ನಾಗಿದ್ದಾಳೆ, ದೊಡ್ಡ ಕೆಲಸದಲ್ಲಿದ್ದಾಳೆ ಎಂದೆ.

"ಏಣಿ ಮೇಲೆ ಗಟ್ಟಿಯಾಗಿ ಕಣ್ಣು ಮುಚ್ಕೊಂಡು ನಿಂತುಬಿಟ್ಟಿತ್ತು ಪಾಪ. ಮೇಲೂ ಇಲ್ಲ, ಕೆಳಗೂ ಇಲ್ಲ. ನೀವು ಒಂದು ಗಂಟೆ ಕೆಳಗೆ ನಿಂತು ಒಂದೊಂದೇ ಮೆಟ್ಟಿಲು ಇಳಿಸಿದ್ರಿ. ಮಾತಾಡಿಸ್ತಾ, ಮಾತಾಡಿಸ್ತಾ. ನಾನು ಅವತ್ತು ಅಂದ್ಕೊಂಡೆ, ಈ ಟೀಚರಮ್ಮ ಒಳ್ಳೆಯವರು ಅಂತ."

ನಿದ್ದೆ ಬರುತ್ತಿದೆ ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ನಿದ್ದೆ ಬರಲಿಲ್ಲ.

ಮಾರ್ಚ್ 27, ಗುರುವಾರ

ಇವತ್ತು ಎಣಿಕೆ ಮಾಡಲಿಲ್ಲ. ಮಾಡಬೇಕೆಂದೇ ಹೋದೆ. ಒಂಬತ್ತನೆಯ ಗಿಡ ದೋಣಿಯಿಂದ ಕೈಗೆ ಸಿಗುವಷ್ಟು ತಗ್ಗಿನಲ್ಲಿದೆ. ಗಡ್ಡೆಯ ಪಕ್ಕಕ್ಕೆ ಮುಖ ಇಟ್ಟು ಕೂತವಳು ಎರಡು ಗಂಟೆ ಏಳಲಿಲ್ಲ.

ಗಡ್ಡೆಗೆ ಏಳೆಂಟು ಬಾಯಿ. ಒಂದು ಬಾಯಿಯಿಂದ ಇರುವೆಗಳು ಮರಿಗಳನ್ನು ಕಚ್ಚಿಕೊಂಡು ಹೊರಗೆ ತಂದು, ಬಿಸಿಲು ಕಾಯಿಸುವ ಹಾಗೆ ಒಂದು ಗಳಿಗೆ ನಿಂತು, ಮತ್ತೆ ಒಳಗೆ ಒಯ್ದವು. ಇನ್ನೊಂದು ಬಾಯಿಗೆ ಸತ್ತ ನೊಣ, ಮಿಡತೆಯ ಕಾಲು, ಯಾವುದೋ ರೆಕ್ಕೆಯ ಚೂರು ಹೋದವು. ಒಳಗಿನ ಕೋಣೆಗಳು ಎರಡು ಬಗೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ನುಣುಪು ಗೋಡೆಯ ಕೋಣೆಗಳಲ್ಲಿ ಸಂಸಾರ, ಗೋಡೆಗೆ ನರಹುಲಿಯಂಥ ಗಂಟು ಎದ್ದ ಕೋಣೆಗಳಲ್ಲಿ ಕಸ. ಆ ಗಂಟುಗಳ ಮೂಲಕ ಗಿಡ ಕಸದ ಸಾರವನ್ನು ಹೀರಿಕೊಳ್ಳುತ್ತದೆ. ಮಣ್ಣಿಲ್ಲದ ಗಿಡಕ್ಕೆ ಅದೇ ಗೊಬ್ಬರ. ಇದನ್ನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಆದರೆ ಯಾವ ಬಾಯಿಗೆ ಏನು ಹೋಗುತ್ತದೆ ಎಂದು ಕೂತು ನೋಡಿರಲಿಲ್ಲ. ಆಗ ಎಲೆ ಎಣಿಸುವ ಅವಸರ.

ಗಿಡಕ್ಕೆ ಇರುವೆಯಿಂದ ಸಿಗುವುದು ಕಾವಲಲ್ಲ, ಊಟ ಎಂದು ಆಕೆಯ ಲೇಖನದ ಕೊನೆಯ ಸಾಲು. ಎರಡೂ ಸಿಗಬಾರದೆಂದು ಎಲ್ಲಿದೆ?

ದೋಣಿಯಮ್ಮ ಎರಡು ಗಂಟೆ ಬಾಯಿ ಬಿಡದೆ ಕೂತಿದ್ದಳು. ಹಿಂತಿರುಗುವಾಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ನೀವು ನಗುತ್ತಾ ಇದ್ದಿರಿ, ಕೆಡಿಸುವುದು ಬೇಡ ಅನಿಸಿತು ಎಂದಳು.

ಏಪ್ರಿಲ್ 2, ಬುಧವಾರ

ನಾಲ್ಕನೆಯ ವಾರದ ಲೆಕ್ಕ ಸರಿಯಾಗಿಲ್ಲ. ಇಪ್ಪತ್ತಮೂರು, ಇಪ್ಪತ್ತೊಂಬತ್ತು, ಈ ಎರಡು ಗಿಡಗಳ ಎಲೆ ಅರ್ಧಕ್ಕರ್ಧ ಹೋಗಿದೆ. ಎರಡರಲ್ಲೂ ಇರುವೆ ಭರ್ತಿ. ಇವೆರಡನ್ನು ಸೇರಿಸಿದರೆ ಸರಾಸರಿ ಹದಿನೆಂಟಕ್ಕೆ ಏರುತ್ತದೆ. ಅತ್ತ ಖಾಲಿ ಗಿಡಗಳದು ಹತ್ತೊಂಬತ್ತು. ವ್ಯತ್ಯಾಸವೇ ಇಲ್ಲ.

ಗಡ್ಡೆಗಳು ಸ್ವಲ್ಪ ಮೆತ್ತಗಾಗಿವೆ, ಬಣ್ಣವೂ ಹಳದಿಗೆ ತಿರುಗಿದೆ. ರೋಗವಿರಬೇಕು. ರೋಗ ಬಂದ ಗಿಡವನ್ನು ಎಣಿಕೆಯಿಂದ ಬಿಡುವುದು ನ್ಯಾಯವೇ. ಪಕ್ಕದಲ್ಲಿ 'ರೋಗ?' ಎಂದು ಬರೆದಿಟ್ಟೆ.

ಏಪ್ರಿಲ್ 3, ಗುರುವಾರ

'ರೋಗ' ಎಂಬ ಶಬ್ದ ನಿನ್ನೆಯಿಂದ ತಲೆಯಲ್ಲಿ ಸುತ್ತುತ್ತಿತ್ತು. ಎಲ್ಲೋ ಹೀಗೆಯೇ ಬರೆದ ನೆನಪು. ಹಳೆಯ ನೋಟುಪುಸ್ತಕಗಳನ್ನು ತಂದಿದ್ದೇನೆ, ಬಂದಾಗಿನಿಂದ ಬಿಚ್ಚಿರಲಿಲ್ಲ. ತಿಂಡಿ ಆದ ಮೇಲೆ ಬಿಚ್ಚಿದೆ.

ಏಳನೆಯ ಗಿಡ. ಹನ್ನೆರಡನೆಯ ಗಿಡ. ಮೂವತ್ತೊಂದನೆಯ ಗಿಡ. ಮೂರರ ಮುಂದೆಯೂ ನನ್ನದೇ ಕೈಬರಹ, ನೀಲಿ ಶಾಯಿ: 'ರೋಗ. ಬಿಟ್ಟಿದೆ.' ಮೂರರಲ್ಲೂ ಇರುವೆ ಇತ್ತು. ಮೂರರ ಎಲೆಯೂ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಯಾವ ರೋಗ ಎಂದು ಎಲ್ಲೂ ಬರೆದಿಲ್ಲ. ಕತ್ತರಿಸಿ ನೋಡಿದ ಗುರುತಿಲ್ಲ.

ಮೂರನ್ನೂ ಸೇರಿಸಿ ಲೆಕ್ಕ ಹಾಕಿದೆ. ಮತ್ತೆ ಹಾಕಿದೆ. ಬೇರೆ ಹಾಳೆಯಲ್ಲಿ ಮೊದಲಿನಿಂದ ಹಾಕಿದೆ.

ಆಕೆಯ ಲೇಖನದಲ್ಲಿ ಒಂದು ವಾಕ್ಯವಿದೆ. 'ಮೂಲ ದಾಖಲೆಯಲ್ಲಿ ಮೂರು ಗಿಡಗಳನ್ನು ಎಣಿಕೆಗೆ ತೆಗೆದುಕೊಂಡಿಲ್ಲ.' ಅಷ್ಟೇ. ಯಾಕೆ ತೆಗೆದುಕೊಂಡಿಲ್ಲ, ತೆಗೆದುಕೊಳ್ಳದವರು ಯಾರು ಎಂದು ಒಂದಕ್ಷರ ಇಲ್ಲ. ನಾನಾಗಿದ್ದರೆ ಅಷ್ಟಕ್ಕೆ ನಿಲ್ಲಿಸುತ್ತಿರಲಿಲ್ಲ.

ಮೋಸ ಮಾಡಿದೆನೆ? ಆಗ ಹಾಗೆ ಅನಿಸಿರಲಿಲ್ಲ. ನಿಜವಾಗಿ ರೋಗವೆಂದೇ ನಂಬಿದ್ದೆ. ನಂಬಲು ನನಗೆ ಅನುಕೂಲವಿತ್ತು.

ಏಪ್ರಿಲ್ 4, ಶುಕ್ರವಾರ

ಕೆಲಸಕ್ಕೆ ಹೋಗಲಿಲ್ಲ.

ಏಪ್ರಿಲ್ 9, ಬುಧವಾರ

ಐದನೆಯ ವಾರದ ಎಣಿಕೆ. ನಲವತ್ತನ್ನೂ ಎಣಿಸಿದೆ. 'ರೋಗ?' ಎಂಬುದನ್ನು ಹೊಡೆದುಹಾಕಿದ್ದೇನೆ. ಏನೂ ಗೊತ್ತಿಲ್ಲದ ಜಾಗದಲ್ಲಿ ಏನೂ ಗೊತ್ತಿಲ್ಲ ಎಂದು ಬರೆಯುವುದು ಕಷ್ಟ, ಅರುವತ್ತೊಂದು ವಯಸ್ಸಿಗೆ ಇನ್ನೂ ಕಷ್ಟ.

ಅವಳು ಆ ಲೇಖನ ಅಚ್ಚಿಗೆ ಕೊಡುವ ಮೊದಲು ನನಗೊಂದು ಪತ್ರ ಬರೆದಿದ್ದಳು. ಈ ಮೂರು ಗಿಡ ಯಾಕೆ ಬಿಟ್ಟಿರಿ ಮೇಡಂ, ನನಗೆ ತಿಳಿಯುತ್ತಿಲ್ಲ, ಹೇಳಿಕೊಟ್ಟರೆ ಉಪಕಾರವಾಗುತ್ತದೆ ಎಂದು. ಆರು ತಿಂಗಳು ಕಾದಳು. ನಾನು ಉತ್ತರ ಬರೆಯಲಿಲ್ಲ. ಪತ್ರವನ್ನು ಉದ್ಧಟತನ ಎಂದು ಓದಿಕೊಂಡಿದ್ದೆ. ಈಗ ನೆನಪಿನಲ್ಲೇ ಮತ್ತೆ ಓದಿದರೆ ಅದರಲ್ಲಿ ಎಲ್ಲಿಯೂ ಉದ್ಧಟತನ ಸಿಗುತ್ತಿಲ್ಲ.

ಏಪ್ರಿಲ್ 12, ಶನಿವಾರ

ನಿನ್ನೆ ಸಂಜೆ ಭಾರಿ ಗಾಳಿಮಳೆ. ಬೆಳಿಗ್ಗೆ ದೋಣಿಯಲ್ಲಿ ಹೋಗಿ ನೋಡಿದರೆ ಇಪ್ಪತ್ತಮೂರನೆಯ ಗಿಡ ಇದ್ದ ಕೊಂಬೆಯೇ ಮುರಿದು ನೀರಿಗೆ ಬಾಗಿದೆ. ಗಡ್ಡೆ ಒಂದು ಕಡೆ ಸೀಳಿತ್ತು. ಇನ್ನು ಬದುಕುವ ಗಿಡವಲ್ಲ. ದೋಣಿಯಮ್ಮ ಕೊಂಬೆಯನ್ನು ಹಿಡಿದು ಎಳೆದುಕೊಟ್ಟರು. ಗಡ್ಡೆಯನ್ನು ಜಗಲಿಗೆ ತಂದು, ಹಳೆಯ ಹಾಳೆ ಹಾಸಿ, ಅಡುಗೆಮನೆಯ ದೊಡ್ಡ ಚಾಕುವಿನಿಂದ ಸೀಳನ್ನು ಅಗಲಿಸಿದೆ.

ಮೊದಲು ಇರುವೆಗಳ ಗದ್ದಲ. ಕೈ ಮೊಣಕೈವರೆಗೆ ಕಚ್ಚಿಸಿಕೊಂಡೆ. ಗದ್ದಲ ಅಡಗಿದ ಮೇಲೆ ಕಂಡಿತು. ನುಣುಪು ಗೋಡೆಯ ಒಂದು ಕೋಣೆಯಲ್ಲಿ, ಇರುವೆ ಮರಿಗಳ ಪಕ್ಕದಲ್ಲೇ, ಬೆರಳಿನ ಒಂದು ಗಿಣ್ಣಿನಷ್ಟು ಉದ್ದದ ತಿಳಿಬಣ್ಣದ ಹುಳು. ಚಪ್ಪಟೆ, ಮೆತ್ತಗೆ. ಚಿಟ್ಟೆಯ ಹುಳು. ಇನ್ನೊಂದು ಕೋಣೆಯಲ್ಲಿ ಮತ್ತೊಂದು. ಒಟ್ಟು ನಾಲ್ಕು. ಸುತ್ತಲಿನ ಗೋಡೆಯನ್ನು ಕೆರೆದು ತಿಂದು ಕೋಣೆಯನ್ನೇ ದೊಡ್ಡದು ಮಾಡಿಕೊಂಡಿವೆ. ಒಳಗಿನಿಂದ ಹೀಗೆ ತಿಂದದ್ದಕ್ಕೇ ಗಡ್ಡೆ ಮೆತ್ತಗಾಗಿದ್ದು. ಹೊರಗೆ ಹೋಗಿ ಎಲೆ ಮೇದು ಬರುವವೂ ಇವೇ ಇರಬೇಕು.

ಇರುವೆಗಳು ಅವನ್ನು ಓಡಿಸುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಹುಳುವಿನ ಬೆನ್ನು ಹತ್ತಿ ಮೀಸೆಯಿಂದ ಮೆಲ್ಲಗೆ ತಟ್ಟುತ್ತವೆ. ಹುಳು ಬೆನ್ನಿನಿಂದ ಒಂದು ಹನಿ ಬಿಡುತ್ತದೆ. ಇರುವೆ ಅದನ್ನು ಹೀರುತ್ತದೆ. ನಾನು ಚಾಕುವಿನ ತುದಿ ಹತ್ತಿರ ತಂದರೆ ಹುಳುವನ್ನು ಕಾಯಲು ನಿಂತವು. ಗಿಡವನ್ನಲ್ಲ, ಹುಳುವನ್ನು.

ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ ದೋಣಿಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. ನಗುವನ್ನು ತಡೆಯಲು ಎಂದು ತಡವಾಗಿ ಗೊತ್ತಾಯಿತು. ನನಗೂ ನಗು ಬಂತು. ಇಪ್ಪತ್ತೆರಡು ವರ್ಷ ಊರೆಲ್ಲ ಕಾವಲು ಕಾವಲು ಎಂದು ಡಂಗುರ ಸಾರಿದವಳು ನಾನು. ಒಳಗೆ ನೋಡಿದರೆ ಎಲೆ ತಿನ್ನುವವನನ್ನೇ ಮನೆ ಮಗನ ಹಾಗೆ ಸಾಕಿಕೊಂಡಿವೆ.

ಏಳು, ಹನ್ನೆರಡು, ಮೂವತ್ತೊಂದು. ಆ ಮೂರರಲ್ಲೂ ಇದೇ ಇತ್ತೋ ಏನೋ. ಅವತ್ತು ಒಂದು ಗಡ್ಡೆ ಸೀಳಿ ನೋಡಿದ್ದರೆ ನನ್ನ ಹೆಸರು ನಿಲ್ಲುತ್ತಿದ್ದದ್ದು ಇದರ ಮೇಲೆ.

ಇದನ್ನು ಮೊದಲು ಹೇಳಬೇಕಾದ್ದು ಯಾರಿಗೆ ಎಂದು ಯೋಚಿಸಿದೆ. ಒಂದೇ ಹೆಸರು ಬಂತು.

ಏಪ್ರಿಲ್ 13, ಭಾನುವಾರ

ಅವಳಿಗೆ ಮಾಡಲು ಧೈರ್ಯ ಬರಲಿಲ್ಲ. ಮನೆಗೆ ಮಾಡಿದೆ. ಇವರಿಗೆ ಎಲ್ಲ ಹೇಳಿದೆ.

"ಹಾಗಾದ್ರೆ ನಾಲ್ಕನೇ ಅಧ್ಯಾಯ ತಡೆಹಿಡೀಲಾ?" ಎಂದರು.

"ಹಿಡೀರಿ. ಹೊಸದಾಗಿ ಬರೀಬೇಕು."

"ನಿನಗೆ ನಾಚಿಕೆ ಆಗ್ತಿದೆಯಾ?"

ಆಗುತ್ತಿದೆ ಎಂದೆ.

"ನಲವತ್ತು ವರ್ಷ ನಾನು ಬೇರೆಯೋರ ತಪ್ಪು ಹುಡುಕಿದೆ. ಒಬ್ಬರಾದ್ರೂ ಥ್ಯಾಂಕ್ಸ್ ಹೇಳಿದ್ದು ನೆನಪಿಲ್ಲ. ಹೆಚ್ಚಿನೋರು ಸಿಟ್ಟು ಮಾಡ್ಕೊಂಡ್ರು. ಆದ್ರೆ ಪುಸ್ತಕ ಮಾತ್ರ ಚೆನ್ನಾಗಾಯ್ತು." ಆಮೇಲೆ "ಆ ಹುಡುಗಿಗೆ ಫೋನ್ ಮಾಡು" ಎಂದರು.

ನೀರು ಏರಿ ಮೆಟ್ಟಿಲು ಮುಳುಗುತ್ತಿದೆ ಎಂದು ಹೇಳಿ ಇಟ್ಟುಬಿಟ್ಟೆ. ನೀರು ಇನ್ನೂ ಎರಡು ಮೆಟ್ಟಿಲು ಕೆಳಗಿತ್ತು.

ಏಪ್ರಿಲ್ 16, ಬುಧವಾರ

ಮಾಡಿದೆ. ನಾಲ್ಕು ಸಲ ರಿಂಗಾದ ಮೇಲೆ ಎತ್ತಿದಳು. "ಹೇಳಿ ಮೇಡಂ" ಎಂದಳು. ಕಚೇರಿಯ ದನಿ.

ಮೂರು ಗಿಡಗಳ ವಿಷಯ ಹೇಳಿದೆ. ರೋಗ ಎಂದು ಬರೆದದ್ದು, ರೋಗ ಯಾವುದೆಂದು ನೋಡದೇ ಬಿಟ್ಟದ್ದು, ಸೇರಿಸಿದರೆ ನನ್ನ ಲೆಕ್ಕ ನಿಲ್ಲದೇ ಇರುವುದು. ಆಮೇಲೆ ಹುಳುವಿನ ವಿಷಯ. ಹುಳುವಿನ ವಿಷಯಕ್ಕೆ ಬಂದಾಗ ಅವಳ ಉಸಿರು ಬದಲಾದದ್ದು ಕೇಳಿಸಿತು. ಎಷ್ಟಿದ್ದವು, ಯಾವ ಬಗೆಯ ಕೋಣೆಯಲ್ಲಿದ್ದವು ಎಂದು ಎರಡೇ ಪ್ರಶ್ನೆ ಕೇಳಿದಳು. ಕೇಳಬೇಕಾದ ಎರಡು ಪ್ರಶ್ನೆ ಅವೇ.

"ಲೆಕ್ಕದ ವಿಷಯಕ್ಕೆ ನನಗೆ ಬೇಜಾರಿಲ್ಲ ಮೇಡಂ. ಲೆಕ್ಕ ಯಾರದಾದ್ರೂ ತಪ್ಪುತ್ತೆ."

"ಏಣಿ ವಿಷಯಕ್ಕೆ" ಎಂದೆ.

"ಅದು ಗೊತ್ತಿದ್ದಿದ್ದು ಇಬ್ಬರಿಗೇ. ನಿಮಗೆ, ಆ ದೋಣಿಯಮ್ಮನಿಗೆ. ನಮ್ಮಮ್ಮನಿಗೂ ನಾನು ಹೇಳಿಲ್ಲ. ಅವತ್ತು ಸಭೇಲಿ ಎಲ್ಲರೂ ನಗ್ತಾ ಇದ್ದಾಗ ನಾನು ಯೋಚನೆ ಮಾಡಿದ್ದು ಒಂದೇ, ಇವರು ಅವತ್ತು ಕೆಳಗೆ ನಿಂತು ನನ್ನ ಇಳಿಸಿದ್ರಲ್ಲ, ಆಗಲೂ ಒಳಗೊಳಗೆ ನಗ್ತಾ ಇದ್ರಾ ಅಂತ."

"ಇಲ್ಲ" ಎಂದೆ. "ಅವತ್ತು ನಾನೂ ಹೆದರಿದ್ದೆ. ತಪ್ಪಾಯ್ತು. ನನ್ನದು ದೊಡ್ಡ ತಪ್ಪಾಯ್ತು."

ಮೂವತ್ತು ವರ್ಷ ಪಾಠ ಮಾಡಿದ ಬಾಯಿ ಇದು. ಮುಂದೆ ಒಂದು ವಾಕ್ಯವೂ ಬರಲಿಲ್ಲ. ನೀರು ಪಾದಕ್ಕೆ ಬಂತು, ಚಪ್ಪಲಿ ಒದ್ದೆಯಾಯಿತು. ಇಡುವ ಮೊದಲು ಒಂದು ಮಾತು ಹೇಳಿದಳು. "ಗಡ್ಡೆ ಬಿಸಿಲಿಗೆ ಇಡಬೇಡಿ. ಒಣಗಿದ್ರೆ ಹುಳ ಸಾಯುತ್ತೆ."

ಗಡ್ಡೆಯನ್ನು ಜಗಲಿಯ ಮೂಲೆಗೆ ಸರಿಸಿ ಒದ್ದೆ ಗೋಣಿ ಹೊದಿಸಿದೆ.

ಏಪ್ರಿಲ್ 19, ಶನಿವಾರ

ನಾಲ್ಕನೆಯ ಅಧ್ಯಾಯ ಮುಗಿಯಿತು. ಹದಿನೆಂಟು ಪುಟ ಇದ್ದದ್ದು ಹನ್ನೊಂದಾಗಿದೆ. 'ನಾನು ತೋರಿಸಿದ್ದೇನೆ' ಎಂದು ಇದ್ದ ಕಡೆಗಳಲ್ಲೆಲ್ಲ ಕತ್ತರಿ ಆಡಿಸಿದ್ದಕ್ಕೇ ಎರಡು ಪುಟ ಕಡಿಮೆಯಾಯಿತೇನೋ. ಮೂಲ ಲೇಖನ ಅಚ್ಚು ಮಾಡಿದ್ದ ಪತ್ರಿಕೆಗೂ ಒಂದು ಪತ್ರ ಬರೆದೆ. ಮೂರು ಗಿಡಗಳನ್ನು ಬಿಟ್ಟದ್ದು ನಾನು, ಬಿಡಲು ಕಾರಣ ಸಾಲದು, ನನ್ನ ತೀರ್ಮಾನವನ್ನು ಹಿಂದಕ್ಕೆ ಪಡೆಯುತ್ತೇನೆ. ಸಭೆಯಲ್ಲಿ ನಾನು ಆಡಿದ ಮಾತು ವೈಯಕ್ತಿಕವಾಗಿತ್ತು, ಅದೂ ತಪ್ಪು. ಕೊನೆಯ ವಾಕ್ಯ ಪತ್ರಿಕೆಗೆ ಸಂಬಂಧಿಸಿದ್ದಲ್ಲ, ಹೊಡೆಯಬಹುದು. ಆದರೆ ಇನ್ನೂರು ಜನರ ಎದುರಿಗೆ ಅಂದದ್ದನ್ನು ಫೋನಿನಲ್ಲಿ ಒಬ್ಬಳಿಗೆ ಹೇಳಿ ಮುಗಿಸುವುದು ಅಗ್ಗವಾಯಿತು. ಹಾಗೇ ಬಿಟ್ಟೆ.

ದೋಣಿಯಮ್ಮ ಎರಡನ್ನೂ ತೆಗೆದುಕೊಂಡು ಹೋಗಿ ಪೇಟೆಯಲ್ಲಿ ಅಂಚೆಗೆ ಹಾಕಿ ಬಂದರು. ಬರುವಾಗ ನನ್ನ ಮಂಡಿಗೆ ಎಣ್ಣೆ ತಂದಿದ್ದಾರೆ.

ಏಪ್ರಿಲ್ 25, ಶುಕ್ರವಾರ

ಮಧ್ಯಾಹ್ನ ದೋಣಿಯಲ್ಲಿ ಇಬ್ಬರು ಕಂಡರು. ಒಬ್ಬರು ಹುಟ್ಟು ಹಾಕುತ್ತಿದ್ದರು, ಇನ್ನೊಬ್ಬಳು ಎರಡೂ ಕೈಯಿಂದ ದೋಣಿಯ ಅಂಚು ಹಿಡಿದು ಕೂತಿದ್ದಳು. ಜಡೆ ಕತ್ತರಿಸಿಕೊಂಡಿದ್ದಾಳೆ, ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿದೆ. ಹೇಳಿ ಬಂದಿರಲಿಲ್ಲ. ದೋಣಿಯಮ್ಮನಿಗೆ ಮಾತ್ರ ಗೊತ್ತಿತ್ತಂತೆ. ಅಷ್ಟು ಮಾತಾಡುವವರು ಇದೊಂದನ್ನು ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದಾರೆ.

ಮೆಟ್ಟಿಲು ಹತ್ತಿ ಬಂದು ಎದುರಿಗೆ ನಿಂತಳು.

"ಕ್ಷಮಿಸಿದೀನಿ ಅಂತ ಹೇಳೋಕೆ ಬಂದಿಲ್ಲ ಮೇಡಂ. ಹುಳ ನೋಡೋಕೆ ಬಂದೆ."

"ಹುಳ ಜಗಲೀಲಿದೆ" ಎಂದೆ.

ಚೀಲ ಇಳಿಸಿದವಳು ಕೈಕಾಲು ಕೂಡ ತೊಳೆಯದೆ ಗಡ್ಡೆಯ ಮುಂದೆ ಮೊಣಕಾಲೂರಿ ಕೂತಳು. ಗೋಣಿ ಸರಿಸಿದಳು. ನಾಲ್ಕರಲ್ಲಿ ಎರಡು ಹುಳು ಪೊರೆ ಕಳಚಿ ಕೋಶವಾಗಿವೆ, ಇರುವೆಗಳು ಇನ್ನೂ ಸುತ್ತ ನಿಂತಿವೆ. ಭೂತಗನ್ನಡಿ ಕೊಡಲು ಹೋದೆ, ಅವಳೇ ತಂದಿದ್ದಳು. ಅರ್ಧ ಗಂಟೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಒಳಗೆ ಹೋಗಿ ಟೀ ಮಾಡಿದೆ. ಅವಳಿಗೆ ಸಕ್ಕರೆ ಎಷ್ಟು ಎಂದು ಕೈಗೆ ನೆನಪಿತ್ತು.

ಟೀ ಕುಡಿಯುತ್ತ ಒಂದು ಮಾತು ಹೇಳಿದಳು. ಅವಳೂ ಗಡ್ಡೆಯೊಳಗೆ ನೋಡುವ ಯೋಚನೆ ಮಾಡಿರಲಿಲ್ಲವಂತೆ. ಅಂಕಿ ಸರಿಯಿಲ್ಲ ಎಂದಷ್ಟೇ ಗೊತ್ತಿತ್ತು, ಯಾಕೆ ಸರಿಯಿಲ್ಲ ಎಂದು ತನಗೂ ಗೊತ್ತಿರಲಿಲ್ಲ ಎಂದಳು. ಇದನ್ನು ಹೇಳುವ ಅಗತ್ಯ ಅವಳಿಗೆ ಇರಲಿಲ್ಲ.

ಕಿಟಕಿಯ ಪಕ್ಕದ ಮಂಚ ಅವಳಿಗೆ ಬಿಟ್ಟಿದ್ದೇನೆ. ಹೊಸ ಜಾಗದಲ್ಲಿ ಅವಳಿಗೆ ಗಾಳಿ ಬೇಕು.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಆರರಿಂದ ಕೆಲಸ. ಕೈಗೆ ಎಟುಕುವ ಗಿಡಗಳನ್ನಷ್ಟೇ ದೋಣಿಯಿಂದ ನೋಡಿದೆವು, ಹನ್ನೊಂದು ಸಿಕ್ಕವು. ಗಡ್ಡೆಯನ್ನು ಸೀಳದೆ ಒಳಗೆ ಹುಳು ಇದೆಯೇ ಎಂದು ತಿಳಿಯುವ ಉಪಾಯ ಚೂಟಿಯದು: ಹುಳು ಓಡಾಡುವ ಬಾಯಿ ಬೇರೆ ಬಾಯಿಗಳಿಗಿಂತ ಅಗಲವಾಗಿರಲೇಬೇಕು. ಅಳೆದು ನೋಡಿದೆವು. ಎರಡು ಗಿಡಗಳಲ್ಲಿ ಅಗಲವಿದೆ. ಸೇರಿದ ದಿನವೇ ಹುಡುಗಿಗೆ ಚೂಟಿ ಎಂದು ಹೆಸರಿಟ್ಟದ್ದು ನಾನು, ಸುಮ್ಮನೆ ಇಟ್ಟದ್ದಲ್ಲ.

ಊಟವಾದ ಮೇಲೆ ಲೇಖನದ ಕರಡು ಬರೆಯಲು ಕೂತೆವು. ಇಬ್ಬರ ಹೆಸರಿನಲ್ಲಿ, ಮೊದಲು ಯಾರ ಹೆಸರು ಎಂಬುದಕ್ಕೆ ಅವಳು ವಾದ ಮಾಡಿದಳು, ನಾನು ಅವಳ ಹೆಸರು ಬರೆದು ಶಾಯಿ ಒಣಗಿಸಿದೆ. ಹುಳುವಿನ ಬಗ್ಗೆ ನಾನು ಬರೆದ ಪ್ಯಾರಾ ಓದಿ ಪೆನ್ಸಿಲ್ ಎತ್ತಿಕೊಂಡಳು. ಇರುವೆಗೆ ಸಿಹಿ ತಿನ್ನಿಸಿ ಗಿಡವನ್ನು ದೋಚುವ ಕಳ್ಳ ಎಂದು ಬರೆದಿದ್ದೆ. 'ಕಳ್ಳ' ಎಂಬುದರ ಮೇಲೆ ಗೆರೆ ಎಳೆದಳು.

"ಹುಳದ ಹಿಕ್ಕೆ ಎಲ್ಲಿಗೆ ಹೋಗುತ್ತೆ ಮೇಡಂ? ಇರುವೆಗಳು ಅದನ್ನೂ ಕಸದ ಕೋಣೆಗೇ ಹಾಕಿದ್ರೆ ಗಿಡಕ್ಕೆ ಅರ್ಧ ವಾಪಸು ಬಂತು. ತೂಕ ಮಾಡದೆ ಕಳ್ಳ ಅನ್ನೋಕಾಗಲ್ಲ."

ಅರ್ಧ ವಾಪಸು ಬಂದರೂ ಕಳ್ಳತನ ಕಳ್ಳತನವೇ ಎಂದೆ.

"ಮೊದಲು ಇರುವೆಗೆ ಕಾವಲಿನ ಕೆಲಸ ಕೊಟ್ರಿ, ಈಗ ಹುಳಕ್ಕೆ ಕಳ್ಳತನದ ಕೆಲಸ. ಎಲ್ಲರಿಗೂ ಯಾಕೆ ಮೇಡಂ ಒಂದೊಂದು ಉದ್ಯೋಗ ಹಂಚ್ತೀರಿ? ಅವು ಸುಮ್ಮನೆ ಬದುಕ್ತಾ ಇರಬಾರದಾ?"

ದನಿ ಏರಿತ್ತು, ಇಬ್ಬರದೂ. ಅಡುಗೆಮನೆಯಿಂದ ದೋಣಿಯಮ್ಮ ಸೌಟು ಹಿಡಿದೇ ಹೊರಗೆ ಬಂದು ನಮ್ಮಿಬ್ಬರ ಮುಖ ನೋಡಿದರು. ಜಗಳವೇ ಎಂದು ಕೇಳಿದರು. ಚೂಟಿ ಇಲ್ಲ ಎಂದಳು. ನಾನು ಹೌದು ಎಂದೆ. ಅವರು ಏನೂ ಅರ್ಥವಾಗದವರ ಹಾಗೆ ಒಳಗೆ ಹೋದರು, ಹೋಗುವಾಗ ಬಾಗಿಲನ್ನು ಮಾತ್ರ ಪೂರ್ತಿ ತೆರೆದಿಟ್ಟು ಹೋದರು.

ಬೆಳಿಗ್ಗೆಯಿಂದ ಚೂಟಿ ನನ್ನನ್ನು ಐದು ಸಲ ತಿದ್ದಿದಳು. ಎಣಿಸಿದ್ದೇನೆ. ನಾಲ್ಕು ಸಲ ಅವಳದೇ ಸರಿ. ಐದನೆಯದು, ಹಿಕ್ಕೆಯದು, ಇಬ್ಬರಿಗೂ ಗೊತ್ತಿಲ್ಲ. ನಾಳೆ ಹೊರಡಬೇಕಿತ್ತು. ಇನ್ನೊಂದು ವಾರ ತಡವಾಗುತ್ತದೆ ಎಂದು ಮನೆಗೆ ಹೇಳಬೇಕು. ಬೆಳಿಗ್ಗೆ ಆರೂಕಾಲಿಗೆ ನೀರು ಇಳಿಯುತ್ತದೆ, ಮೆಟ್ಟಿಲಿಂದ ಫೋನು ಮಾಡಿ, ಹಿಕ್ಕೆ ಎಲ್ಲಿಗೆ ಹೋಗುತ್ತದೆ ಎಂದು ಹೋಗಿ ನೋಡಬೇಕು.